ಹುಲ್ಲು ಬಣವೆಯ ಹಿಂದೆ ಒಬ್ಬ ಅಧ್ಯಕ್ಷ

ಇಣುಕಿ ನೋಡುವ ಚಟ ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಪೇಪರು ಬಿಡಿಸಿದರೆ ಸಾಕು, ನನ್ನ ಕತ್ತು ನನ್ನ ಮಾತು ಕೇಳುವುದಿಲ್ಲ. ಅವರು ಪುಟ ಮಗುಚುವಾಗ ‘ಒಂಚೂರು ತಡೀರಿ, ಇನ್ನೆರಡು ಸಾಲು ಬಾಕಿ’ ಎಂದು ಹೇಳಿ ಬೈಸಿಕೊಂಡದ್ದೂ ಉಂಟು. ಹೊನ್ನಾವರದ ನಮ್ಮ ಕಚೇರಿಯಲ್ಲಿ ಯಾರ ಡಬ್ಬಿಯಲ್ಲಿ ಯಾವ ಪಲ್ಯ ಬಂದಿದೆ ಎಂಬುದು ಡಬ್ಬಿಯ ಒಡೆಯನಿಗಿಂತ ಮೊದಲು ನನಗೆ ಗೊತ್ತಿರುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ರಕ್ತದಲ್ಲೇ ಬಂದದ್ದು. ನಮ್ಮದು ಹೊನ್ನಾವರದ ಪಕ್ಕದ ಕಾಸರಕೋಡಿನ ದೋಣಿಯ ಮನೆ. ನನ್ನ ಅಪ್ಪ ಕಡಲಿಗೆ ಹೋದರೆ ಒಂದು ಕಣ್ಣು ತನ್ನ ಬಲೆಯ ಮೇಲೆ, ಇನ್ನೊಂದು ಪಕ್ಕದ ದೋಣಿಯವರ ಬಲೆಯ ಮೇಲೆ. ಅವರು ಎಲ್ಲಿ ಬಲೆ ಬಿಟ್ಟರು, ದೋಣಿ ಎಷ್ಟು ತಗ್ಗಿತು, ಹಕ್ಕಿಗಳು ಯಾವ ದಿಕ್ಕಿನಲ್ಲಿ ಸುತ್ತುತ್ತಿವೆ, ಇದನ್ನೆಲ್ಲ ನೋಡದವನು ಮೀನುಗಾರನೇ ಅಲ್ಲ ಎಂಬುದು ಅಪ್ಪನ ಅಭಿಪ್ರಾಯವಾಗಿತ್ತು. ಕಡಲಿನಲ್ಲಿ ಅದು ಕಸುಬು. ದಡಕ್ಕೆ ಬಂದು ಅದೇ ಕೆಲಸ ಮಾಡಿದರೆ ಬೇಹುಗಾರಿಕೆ ಎನ್ನುತ್ತಾರೆ ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಹುಲ್ಲು ಬಣವೆಯ ಹಿಂದೆ ಗೊತ್ತಾಯಿತು.

ನಾನು ಕಾಸರಕೋಡಿನ ನಮ್ಮ ಕೇರಿಯ ಫುಟ್‌ಬಾಲ್ ಸಂಘದ ಅಧ್ಯಕ್ಷ. ಆ ಆಟಕ್ಕೂ ನನಗೂ ಇದ್ದ ಸಂಬಂಧ ಇಷ್ಟೇ: ಆರು ವರ್ಷಗಳ ಹಿಂದೆ ಅವರ ಚೆಂಡು ನಮ್ಮ ಮನೆಯ ಹೆಂಚಿನ ಮೇಲೆ ಬಿತ್ತು. ಬೈಯಲು ಹೋದವನನ್ನು ಹುಡುಗರು ಕುರ್ಚಿ ಹಾಕಿ ಕೂರಿಸಿ, ಚಹಾ ಕೊಟ್ಟು, ಅಧ್ಯಕ್ಷನನ್ನಾಗಿ ಮಾಡಿ ಕಳಿಸಿದರು. ಅಂದಿನಿಂದ ಹೆಂಚು ಒಡೆದರೆ ಬೈಯುವವರೇ ಇಲ್ಲ. ಆದರೂ ಆ ಪದವಿಯ ಮೇಲೆ ನನಗೆ ಪ್ರಾಣ. ಕಚೇರಿಯಲ್ಲಿ ನನ್ನನ್ನು ‘ಆ ಮೂಲೆ ಟೇಬಲ್ಲಿನವರು’ ಎನ್ನುತ್ತಾರೆ, ಮನೆಯಲ್ಲಿ ‘ಇವರು’ ಎನ್ನುತ್ತಾರೆ. ಕಡಲ ದಂಡೆಯ ಹೊಯ್ಗೆಯ ಮೇಲೆ ಬರಿಗಾಲಿನಲ್ಲಿ ಓಡುವ ಆ ಹುಡುಗರು ಮಾತ್ರ ‘ಅಧ್ಯಕ್ಷ್ರೆ’ ಎಂದು ಬಾಯ್ತುಂಬ ಕರೆಯುತ್ತಾರೆ. ನಾಯಕ ಮತ್ತು ಗೋಲ್‌ಕೀಪರ್ ವಿನಾಯಕ, ಐಸ್ ಫ್ಯಾಕ್ಟರಿಯಲ್ಲಿ ಐಸ್ ಒಡೆಯುವವನು. ಉಳಿದವರು ದೋಣಿಗೆ ಹೋಗುವವರು, ಬಲೆ ನೇಯುವವರು, ಮೀನಿನ ಲಾರಿ ಓಡಿಸುವವರು. ದೋಣಿ ಬಂದು ಮೀನು ಇಳಿಸಿದ ಮೇಲೆ, ಬೇರೆಯವರಾದರೆ ಬಿದ್ದುಕೊಳ್ಳುವ ಹೊತ್ತಿನಲ್ಲಿ, ಇವರು ಚೆಂಡು ಹಿಡಿದು ಹೊರಡುತ್ತಾರೆ.

ಕುಮಟೆಯಲ್ಲಿ ನಡೆಯುವ ಮೂರು ತಾಲೂಕಿನ ಪಂದ್ಯಾಟದಲ್ಲಿ ನಾವು ಸತತ ಎರಡು ವರ್ಷ ಫೈನಲ್ಲಿಗೆ ಹೋಗಿ, ಎರಡು ವರ್ಷವೂ ಭಟ್ಕಳದ ಪಕ್ಕದ ಮುಟ್ಟಳ್ಳಿ ತಂಡಕ್ಕೆ ಸೋತೆವು. ಮುಟ್ಟಳ್ಳಿಯವರನ್ನು ತಯಾರು ಮಾಡುವವನು ಬೇರೆ ಯಾರೂ ಅಲ್ಲ, ನನ್ನ ಷಡ್ಡಕ ಗಣಪತಿ, ಅಂದರೆ ನನ್ನ ಹೆಂಡತಿ ಸುಮಿತ್ರಾಳ ತಂಗಿಯ ಗಂಡ. ಗದ್ದೆ, ತೆಂಗು ನೋಡಿಕೊಂಡು ಸುಖವಾಗಿರಬಹುದಾದ ಮನುಷ್ಯ. ಷಡ್ಡಕನಿಗೆ ಸೋಲುವುದೆಂದರೆ ಏನೆಂದು ಷಡ್ಡಕ ಇದ್ದವರಿಗೇ ಗೊತ್ತು. ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ಫುಟ್‌ಬಾಲಿನ ಸುದ್ದಿ ಎತ್ತುವುದೇ ಇಲ್ಲ. ‘ಭಾವಂಗೆ ಇನ್ನೊಂದು ತುಂಡು ಹಾಕಿ, ಪಾಪ’ ಎನ್ನುತ್ತಾನೆ. ಆ ‘ಪಾಪ’ ನನ್ನ ಗಂಟಲಲ್ಲಿ ಮೀನಿನ ಮುಳ್ಳಿಗಿಂತ ಹೆಚ್ಚು ಚುಚ್ಚುತ್ತದೆ.

ಸೋತದ್ದಾದರೂ ಹೇಗೆ ಅಂತೀರಿ? ಎರಡು ಸಲವೂ ಕೊನೆಯ ಗಳಿಗೆಯಲ್ಲಿ ಮುಟ್ಟಳ್ಳಿಗೆ ಒಂದು ಕಾರ್ನರ್ ಕಿಕ್ ಸಿಕ್ಕಿತು. ಇನ್ನೇನು ಚೆಂಡು ಒದೆಯಬೇಕು, ಅಷ್ಟರಲ್ಲಿ ಜನರ ನಡುವಿನಿಂದ ಯಾರೋ ‘ದನ ಬಂತೋ ದನ!’ ಎಂದು ಕೂಗಿದರು. ನಮ್ಮ ಕಡೆಯ ಮೈದಾನಗಳಿಗೆ ದನ ಬರುವುದು ಹೊಸತಲ್ಲ, ಆದ್ದರಿಂದ ಎಲ್ಲರೂ ತಿರುಗಿ ನೋಡಿದರು. ವಿನಾಯಕನೂ ನೋಡಿದ. ಮತ್ತೆ ಈಚೆ ತಿರುಗುವಷ್ಟರಲ್ಲಿ ಚೆಂಡು ಬಲೆಯೊಳಗೆ. ದನವೂ ಇಲ್ಲ, ಕಪ್ಪೂ ಇಲ್ಲ. ನಾವು ನಮ್ಮ ಹಣೆಬರಹವನ್ನೂ ಕುಮಟೆಯ ದನಗಳನ್ನೂ ಬೈದುಕೊಂಡು ಟೆಂಪೋ ಹತ್ತಿದೆವು. ಮೂರನೆಯ ವರ್ಷವೂ ಅದೇ ಎರಡು ತಂಡಗಳು ಫೈನಲ್ಲಿಗೆ ಬಂದಾಗ ನನಗೆ ನಿದ್ದೆ ಹಾರಿಹೋಯಿತು.

ಇಲ್ಲಿ ಇನ್ನೊಂದು ಅವಮಾನವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅದೇ ದಿನಗಳಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂದಿತ್ತು. (ಪೇಪರು ಪಕ್ಕದ ಟೇಬಲ್ಲಿನವರದು.) ಯಾವುದೋ ಪರದೇಶದ ದೊಡ್ಡ ಕ್ಲಬ್ಬಿನವರು ಎದುರಾಳಿಗಳ ಅಭ್ಯಾಸವನ್ನು ಕದ್ದು ನೋಡಲು ಜನ ಕಳಿಸಿ ಸಿಕ್ಕಿಬಿದ್ದಿದ್ದರು. ಶಿಕ್ಷೆ ಏನಿರಬೇಕು ಎಂದು ಕಚೇರಿಯಲ್ಲಿ ದೊಡ್ಡ ಚರ್ಚೆಯಾಯಿತು. ಕದ್ದು ನೋಡಿದವನಿಗೆ ಮಾತ್ರ ಸಾಕು ಎಂದು ಒಬ್ಬರು, ಎಲ್ಲರೂ ನೋಡುತ್ತಾರೆ ಬಿಡಿ ಎಂದು ಇನ್ನೊಬ್ಬರು. ನಾನು ಮಾತ್ರ ಟೇಬಲ್ ಕುಟ್ಟಿ, ‘ಇಡೀ ತಂಡವನ್ನೇ ಪಂದ್ಯಾಟದಿಂದ ಹೊರಗೆ ಹಾಕಬೇಕು’ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅದನ್ನೇ ಪತ್ರ ಮಾಡಿ ಪೇಪರಿನ ವಾಚಕರ ವಿಭಾಗಕ್ಕೆ ಕಳಿಸಿದೆ. ಅವರು ಅದನ್ನು ಅಚ್ಚು ಹಾಕಿದರು. ಹೆಸರಿನ ಕೆಳಗೆ ‘ಅಧ್ಯಕ್ಷರು’ ಎಂದೂ ಇತ್ತು. ಅದರ ಫೋಟೋ ತೆಗೆದು ಗುರುತಿನವರಿಗೆಲ್ಲ ವಾಟ್ಸಾಪ್ ಮಾಡಿದೆ. ಗಣಪತಿಗೂ ಮಾಡಿದೆ. ಅವನು ಒಂದು ಹೆಬ್ಬೆಟ್ಟು ಕಳಿಸಿದ.

ಫೈನಲ್ಲಿಗೆ ಎರಡು ವಾರ ಇರುವಾಗ, ಒಂದು ಭಾನುವಾರ, ನಾನು ಸುಮಿತ್ರಾಳ ಹತ್ತಿರ, ‘ಮುಟ್ಟಳ್ಳಿಗೆ ಹೋಗಿ ನಾಲ್ಕು ತೆಂಗಿನಕಾಯಿ ತರ್ತೇನೆ’ ಎಂದೆ. ನಮ್ಮ ಹಿತ್ತಲಲ್ಲೇ ಕಾಯಿ ರಾಶಿ ಬಿದ್ದಿತ್ತು. ಅವಳು ನನ್ನ ಮುಖವನ್ನೊಮ್ಮೆ, ಆ ರಾಶಿಯನ್ನೊಮ್ಮೆ ನೋಡಿದಳು. ‘ಹೋಗೂದಾದ್ರೆ ಹೋಗಿ. ಬರಿಗೈಯಲ್ಲಿ ಹೋಗೂದಾ? ನಿಲ್ಲಿ, ತಂಗಿಗೆ ಬಂಗಡೆ ಕೊಡ್ತೆ’ ಎಂದು, ಆಗಷ್ಟೇ ದೋಣಿಯಿಂದ ಬಂದ ಎರಡು ಡಜನ್ ಬಂಗಡೆಯನ್ನು ಚೀಲಕ್ಕೆ ತುಂಬಿದಳು. ಕಡಲ ಬದಿಯವರು ನೆಂಟರ ಮನೆಗೆ ಮೀನಿಲ್ಲದೆ ಹೋಗುವುದೆಂದರೆ ಮರ್ಯಾದೆ ಬಿಟ್ಟ ಹಾಗೆ. ಬೇಹುಗಾರಿಕೆಗೆ ಹೊರಟವನು ಈ ಮರ್ಯಾದೆಯನ್ನು ಮನೆಯಲ್ಲೇ ಇಟ್ಟು ಹೋಗಬೇಕಿತ್ತು. ನನಗೆ ಹೊಳೆಯಲಿಲ್ಲ. ಭಟ್ಕಳದವರೆಗೆ ಬಸ್ಸು, ಅಲ್ಲಿಂದ ರಿಕ್ಷಾ. ಗಣಪತಿಯ ಮನೆಗಿಂತ ಮೊದಲೇ ಇಳಿದು, ಅವರು ಅಭ್ಯಾಸ ಮಾಡುವ ಕೊಯ್ಲಾದ ಗದ್ದೆಯ ಬದಿಗೆ ಬಗ್ಗಿಕೊಂಡು ನಡೆದು, ಒಂದು ದೊಡ್ಡ ಹುಲ್ಲು ಬಣವೆಯ ಹಿಂದೆ ಕೂತೆ. ಮೀನಿನ ಚೀಲ ಪಕ್ಕದಲ್ಲಿ, ಮೊಬೈಲು ಕೈಯಲ್ಲಿ. ಕಾಲೇಜಿನಲ್ಲಿ ಕಾಪಿ ಹೊಡೆದಾಗಲೂ ಇಷ್ಟು ಖುಷಿ ಆಗಿರಲಿಲ್ಲ.

ಮೊದಲು ಅವರು ಓಡಿದರು, ಎಗರಿದರು. ಆಮೇಲೆ ಕಾರ್ನರ್ ಕಿಕ್ಕಿಗೆ ಸಾಲಾಗಿ ನಿಂತರು. ಆಟಗಾರರಲ್ಲದ ಒಬ್ಬ ಗಟ್ಟಿ ಆಳು ಮಾತ್ರ ದೂರ ಹೋಗಿ ಗದ್ದೆಯ ಹಾಳಿಯ ಮೇಲೆ, ಅಂದರೆ ಬದುವಿನ ಮೇಲೆ, ನಿಂತ. ಗಣಪತಿ ಸೀಟಿ ಊದಿದ. ಆ ಆಳು ಬಾಯಿಗೆ ಎರಡೂ ಕೈ ಹಿಡಿದು, ‘ದನ ಬಂತೋ ದನ!’ ಎಂದು ಕೂಗಿದ. ಒಬ್ಬನೂ ತಿರುಗಲಿಲ್ಲ. ಚೆಂಡು ನೇರ ಗೋಲಿನೊಳಗೆ.

ಗಣಪತಿಗೆ ಸಮಾಧಾನವಿಲ್ಲ. ‘ಗಾಬ್ರಿ ಸಾಲ್ದು ಮಾರಾಯ! ಬೇರೆ ಯಾರದ್ದೋ ಗದ್ದಿಗೆ ಬಂದಂಗೆ ಕೂಗ್ತಿಯಲ. ನಿಂದೇ ಗದ್ದಿ ತಿಂತಾ ಉಂಟು ಅಂದ್ಕಂಡು ಕೂಗು’ ಎಂದ. ಇನ್ನೊಮ್ಮೆ ಕೂಗಿಸಿದ. ‘ಈಗ ಆತು. ಆದ್ರೆ ದನ ಅಂಬುವಾಗ ಸ್ವಲ್ಪ ಎಳಿ.’

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಎರಡು ವರ್ಷ ಇಲ್ಲದ ದನಕ್ಕೆ ಶಾಪ ಹಾಕಿದ್ದೆವಲ್ಲ ಎಂದು ನೆನೆದು, ಹೆಗಲ ಮೇಲಿನ ಟುವಾಲನ್ನು ಬಾಯಿಗೆ ತುರುಕಿಕೊಂಡು, ಹೊಟ್ಟೆ ಕುಣಿಸುತ್ತ ವಿಡಿಯೋ ತೆಗೆದೆ. ಆ ಸಂಭ್ರಮದಲ್ಲಿ ತಲೆಯ ಮೇಲೆ ನಡೆಯುತ್ತಿದ್ದುದನ್ನು ನೋಡಲಿಲ್ಲ. ಮೊದಲು ಒಂದು ಕಾಗೆ ಬಂತು. ಅದು ತನ್ನ ಬಳಗವನ್ನು ಕರೆಯಿತು. ಬಳಗದ ಹಿಂದೆ ಎರಡು ಹದ್ದುಗಳು. ಕೆಳಗಿನಿಂದ ಮೂರು ಬೆಕ್ಕುಗಳು ಬಾಲ ಎತ್ತಿಕೊಂಡು ಬಂದು ನನ್ನ ಮೊಣಕಾಲಿಗೆ ಮೈ ತಿಕ್ಕತೊಡಗಿದವು. ಹಕ್ಕಿ ಸುತ್ತುವ ಜಾಗ ನೋಡಿ ಮೀನಿನ ಗುರುತು ಹಿಡಿಯುತ್ತಿದ್ದವನ ಮಗ ನಾನು, ನನ್ನ ಗುರುತನ್ನು ಆಕಾಶದಲ್ಲಿ ಬರೆಸಿಕೊಂಡು ಕೂತಿದ್ದೆ.

‘ಆ ಬಣವಿ ಹಿಂದೆ ಎಂತ ಸತ್ತದೆ ನೋಡ್ರೋ’ ಎಂದು ಗಣಪತಿ ಹೇಳಿದ್ದು ಕೇಳಿಸಿತು. ಹನ್ನೊಂದೂ ಜನ ಬಂದರು. ಅವರ ಹಿಂದೆ ಅವನೂ ಬಂದ.

‘ಭಾವ! ಇಲ್ಲೆಂತ ಮಾಡ್ತ್ರಿ?’

‘ಎಂತದೂ ಇಲ್ಲ ಗಣಪತಿ. ಬಂಗಡೆ ಕೊಡೂಕೆ ಬಂದೆ.’

‘ಬಣವಿಗಾ?’

ಹೇಳಬೇಕೆಂದರೆ ಅವರು ನನ್ನನ್ನು ಬಹಳ ಗೌರವದಿಂದ ನಡೆಸಿಕೊಂಡರು. ಒಬ್ಬ ನನ್ನ ಬೆನ್ನಿನ ಹುಲ್ಲು ತೆಗೆದ, ಒಬ್ಬ ಮೀನಿನ ಚೀಲ ಹೊತ್ತ. ಗಣಪತಿ ನನ್ನ ಮೊಬೈಲು ತೆಗೆದುಕೊಂಡು, ವಿಡಿಯೋ ಅಳಿಸಿ, ಒರೆಸಿ ಮರಳಿಸಿದ. ನಾದಿನಿ ಬಂಗಡೆಯನ್ನು ಹುರಿದು, ‘ಭಾವ, ನಾಚ್ಕಬ್ಯಾಡಿ, ನೀವೇ ತಂದದ್ದಲ’ ಎಂದು ನನಗೇ ಬಡಿಸಿದಳು. ಆರನೆಯ ಬಂಗಡೆಯ ಹೊತ್ತಿಗೆ ಎಲ್ಲ ಮರೆತುಹೋಯಿತು ಎಂದುಕೊಂಡೆ. ಕೈ ತೊಳೆಯುವಾಗ ಗಣಪತಿ ಟುವಾಲು ಕೊಡುತ್ತ ಹೇಳಿದ: ‘ನಾಳೆ ಕುಮ್ಟಿಗೆ ದೂರು ಕೊಡ್ತೆ ಭಾವ. ಊಟ ಬೇರೆ, ಫುಟ್‌ಬಾಲ್ ಬೇರೆ. ನಿಮ್ಮ ಪತ್ರದಲ್ಲೇ ಬರ್ದಿರಿಯಲ, ಇಡೀ ತಂಡ ಹೊರಗೆ ಅಂತ.’

ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಅಕ್ಕತಂಗಿಯರ ನಡುವಿನ ಫೋನಿಗಿಂತ ವೇಗವಾದ ಬಸ್ಸನ್ನು ಸರ್ಕಾರ ಇನ್ನೂ ಬಿಟ್ಟಿಲ್ಲ. ‘ತೆಂಗಿನಕಾಯಿ ಎಲ್ಲಿ?’ ಎಂದು ಸುಮಿತ್ರಾ ಕೇಳಿದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಂಜೆ ವಿನಾಯಕ ಬಂದ. ಅವನೂ ಬೈಯಲಿಲ್ಲ. ಜಗಲಿಯ ತುದಿಯಲ್ಲಿ ಕೂತು, ಐಸ್ ಒಡೆದು ಒಡೆದು ಬಿರಿದ ತನ್ನ ಕೈಗಳನ್ನು ನೋಡಿಕೊಳ್ಳುತ್ತ, ‘ಅಧ್ಯಕ್ಷ್ರೆ, ನಾವು ಆಡೂದು ಹೌದಾ ಅಲ್ದಾ, ಅಷ್ಟು ಹೇಳಿ ಸಾಕು’ ಎಂದ. ಒಂದು ವರ್ಷ ಹೊಯ್ಗೆಯಲ್ಲಿ ಓಡಿದ್ದು ಅವರು. ಬಣವೆಯ ಹಿಂದೆ ಕೂತದ್ದು ನಾನು. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ವಿಚಾರಣೆ ಕುಮಟೆಯ ಒಂದು ಶಾಲೆಯ ಜಗಲಿಯಲ್ಲಿ ನಡೆಯಿತು. ಪಂದ್ಯಾಟ ಸಮಿತಿಯ ಹಿರಿಯರು ಬೀರಣ್ಣ ಮಾಸ್ತರು. ನಿವೃತ್ತಿಯಾದರೂ ಕೊರಳಿನಿಂದ ಸೀಟಿ ಇಳಿಸದ ಡ್ರಿಲ್ ಮಾಸ್ತರು. ಒಂದು ಬದಿಯ ಬೆಂಚಿನಲ್ಲಿ ಗಣಪತಿ, ಇನ್ನೊಂದು ಬದಿಯಲ್ಲಿ ನಾನು ಮತ್ತು ಸುಮಿತ್ರಾ, ಕಂಬದ ಹತ್ತಿರ ವಿನಾಯಕ. ಮಾಸ್ತರು ಕನ್ನಡಕ ಹಾಕಿಕೊಂಡು, ಕಿಸೆಯಿಂದ ಪೇಪರಿನ ಒಂದು ತುಂಡು ತೆಗೆದು, ನನ್ನದೇ ಪತ್ರವನ್ನು ಆರಂಭದಿಂದ ‘ಅಧ್ಯಕ್ಷರು’ವರೆಗೆ ಓದಿದರು. ‘ಭಾಷೆ ಚೊಲೋ ಉಂಟು’ ಎಂದರು. ಆಮೇಲೆ ಗಣಪತಿಯನ್ನು ಕೇಳಿದರು: ‘ಇವರು ಎಂತ ನೋಡಿದ್ರು?’

‘ಕಾರ್ನರ್ ಕಿಕ್ಕು ಸರ್.’

‘ಕಾರ್ನರ್ ಕಿಕ್ಕಿನಲ್ಲಿ ಮುಚ್ಚಿಡೂದು ಎಂತ ಉಂಟು?’

ಗಣಪತಿ ಗಂಟಲು ಸರಿಮಾಡಿಕೊಂಡ. ಬೆವರು ಒರೆಸಿಕೊಂಡ. ಆಗ ನನಗೆ ಹೊಳೆಯಿತು: ಕದ್ದದ್ದು ಏನೆಂದು ಹೇಳಿದರೆ ಅವನ ಕಳ್ಳತನವೂ ಹೊರಗೆ ಬರುತ್ತದೆ! ಅವನು ನನ್ನ ಕಡೆ ನೋಡಿದ ನೋಟದಲ್ಲಿ ಮೊದಲ ಸಲ ‘ಪಾಪ’ ಇರಲಿಲ್ಲ, ಬೇಡಿಕೆ ಇತ್ತು. ನನ್ನ ನಾಲಿಗೆ ತುದಿಯವರೆಗೆ ದನ ಬಂದು ನಿಂತಿತ್ತು. ಬಿಟ್ಟಿದ್ದರೆ ಮುಟ್ಟಳ್ಳಿಯೂ ಹೊರಗೆ, ನಾವೂ ಹೊರಗೆ, ಕಪ್ಪು ಮಾಸ್ತರ ಕಪಾಟಿನೊಳಗೆ. ಕಂಬದ ಹತ್ತಿರ ವಿನಾಯಕ ಉಸಿರು ಹಿಡಿದು ನಿಂತಿದ್ದ. ದನವನ್ನು ನುಂಗಿಕೊಂಡೆ. ಎದ್ದು ನಿಂತು, ‘ಮಾಸ್ತರೆ, ಆ ಪತ್ರ ಬರೆದವ ಒಬ್ಬ ಮೂರ್ಖ. ನೋಡಿದ್ದು ನಾನು ಒಬ್ಬನೇ. ಹುಡುಗರಿಗೆ ಗೊತ್ತೂ ಇಲ್ಲ, ನಾನು ಹೇಳೂದೂ ಇಲ್ಲ. ನನ್ನನ್ನ ಹೊರಗೆ ಹಾಕಿ, ಅವ್ರನ್ನ ಆಡಿಸಿ’ ಎಂದೆ.

ಮಾಸ್ತರು ಸೀಟಿಯನ್ನು ಬೆರಳಿನಲ್ಲಿ ತಿರುಗಿಸಿದರು. ‘ಕಣ್ಣು ತಪ್ಪು ಮಾಡಿದ್ದಕ್ಕೆ ಕಾಲಿಗೆ ಹೊಡ್ಯೂದು ಎಂತ ನ್ಯಾಯ? ಹುಡುಗ್ರು ಆಡ್ಲಿ. ಇವರನ್ನ ಹೊರಗೆ ಹಾಕಿದ್ರೆ ಮನೇಲಿ ಮಲಗಿ ನಿದ್ದೆ ಮಾಡ್ತ್ರು, ಅದು ಶಿಕ್ಷೆ ಅಲ್ಲ, ರಜೆ. ಫೈನಲ್ಲಿಗೆ ಬರ್ಲಿ. ಮೈದಾನದ ಬದಿಗೇ ಕುರ್ಚಿ ಹಾಕುವ. ಮೈದಾನಕ್ಕೆ ಬೆನ್ನು ಹಾಕಿ ಕೂತ್ಕಳ್ಳಿ. ತಿರುಗೂ ಹಾಂಗಿಲ್ಲ, ಬಾಯಿ ಬಿಡೂ ಹಾಂಗಿಲ್ಲ. ನೋಡಬಾರದ್ದು ನೋಡಿದ್ರಲ, ನೋಡಬೇಕಾದ್ದು ನೋಡೂದು ಬ್ಯಾಡ.’ ಕಾವಲಿಗೆ ಯಾರು ಎಂಬ ಪ್ರಶ್ನೆ ಬಂತು. ‘ಅತ್ತಿಗೆ ಇರ್ಲಿ’ ಎಂದ ಗಣಪತಿ. ಸುಮಿತ್ರಾ ಒಂದು ಕ್ಷಣವೂ ಯೋಚಿಸದೆ, ‘ಆತು’ ಎಂದಳು. ನಮ್ಮ ಮದುವೆಯ ಮಾತುಕತೆಯಲ್ಲೂ ಅವಳು ಇಷ್ಟು ಬೇಗ ಒಪ್ಪಿರಲಿಲ್ಲ.

ಫೈನಲ್ಲಿನ ದಿನ ಕುಮಟೆಯ ಮೈದಾನ ತುಂಬಿತ್ತು. ಗೆರೆಯ ಆಚೆ ಎರಡು ಕುರ್ಚಿ. ಒಂದು ಮೈದಾನದ ಕಡೆ, ಅದರಲ್ಲಿ ಶೇಂಗಾ ಪೊಟ್ಟಣ ಹಿಡಿದ ಸುಮಿತ್ರಾ. ಇನ್ನೊಂದು ಗೇಟಿನ ಕಡೆ, ಅದರಲ್ಲಿ ನಾನು. ಆಟಕ್ಕೆ ಬೆನ್ನು ಹಾಕಿ ಕೂತರೆ ಏನು ಕಾಣುತ್ತದೆ ಬಲ್ಲಿರಾ? ಪ್ರೇಕ್ಷಕರು. ಐನೂರು ಜನ ನನ್ನ ತಲೆಯ ಮೇಲಿನಿಂದ ನೋಡುತ್ತ ಒಮ್ಮೆ ಹಲ್ಲು ಕಚ್ಚುತ್ತಿದ್ದರು, ಒಮ್ಮೆ ಬಾಯಿ ತೆರೆಯುತ್ತಿದ್ದರು, ಒಮ್ಮೆಲೇ ಎಲ್ಲರೂ ತಲೆಗೆ ಕೈ ಹಚ್ಚುತ್ತಿದ್ದರು. ಯಾಕೆಂದು ಮಾತ್ರ ತಿಳಿಯದು.

‘ಎಂತಾತೆ?’

‘ಎಂತದೂ ಆಗಲ್ಲೆ. ಮುಂದೆ ನೋಡಿ.’

ಎದುರಿಗೆ ನಿಂತವನ ಕಪ್ಪು ಕನ್ನಡಕದಲ್ಲಿ ಮೈದಾನ ಸಣ್ಣದಾಗಿ ಕಾಣುತ್ತಿತ್ತು. ಎರಡು ನಿಮಿಷ ಸ್ವರ್ಗದಲ್ಲಿದ್ದೆ. ಸುಮಿತ್ರಾ ಎದ್ದು ಹೋಗಿ ಅವನ ಕೈಗೆ ಶೇಂಗಾ ಕೊಟ್ಟು, ಕನ್ನಡಕ ತೆಗೆಸಿ ಬಂದಳು. ಆಮೇಲೆ ಮೊಬೈಲಿನ ಕ್ಯಾಮೆರಾ ನೆನಪಾಯಿತು. ಕಿಸೆಗೆ ಕೈ ಹಾಕಿದರೆ ಅದು ಆಗಲೇ ಅವಳ ವ್ಯಾನಿಟಿ ಬ್ಯಾಗಿನಲ್ಲಿತ್ತು. ಮೂವತ್ತು ವರ್ಷ ಜೊತೆಗಿದ್ದವರಿಗೆ ಕಾವಲು ಕೆಲಸ ಕೊಡಬಾರದು. ಹೀಗೆ ಒಂದೂ ಗೋಲಿಲ್ಲದೆ ಕೊನೆಯ ಐದು ನಿಮಿಷಕ್ಕೆ ಬಂದೆವು ಎಂದು ಜನರ ಮಾತಿನಿಂದ ತಿಳಿಯಿತು. ಆಗ ಸೀಟಿ ಕೇಳಿಸಿತು. ‘ಮುಟ್ಟಳ್ಳಿಗೆ ಕಾರ್ನರ್!’ ಎಂದು ಯಾರೋ ಅಂದರು.

ಜನರ ನಡುವೆ ಆ ಗಟ್ಟಿ ಆಳು ಬಾಯಿಗೆ ಎರಡೂ ಕೈ ಹಿಡಿಯಲು ಸಿದ್ಧನಾಗುತ್ತಿರುವುದು ನನಗೆ ನೇರ ಕಾಣುತ್ತಿತ್ತು. ‘ತಿರುಗಬೇಡ ವಿನಾಯಕಾ’ ಎಂದು ಒಂದು ಮಾತು ಕೂಗಿದರೆ ಸಾಕಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಟುವಾಲು ಕಚ್ಚಿ ಹಿಡಿದೆ. ಅಷ್ಟರಲ್ಲಿ ಇನ್ನೊಂದು ಕಂಡಿತು. ತೆರೆದ ಗೇಟಿನಿಂದ, ಕೊರಳಲ್ಲಿ ಹರಿದ ಹಗ್ಗ ಎಳೆದುಕೊಂಡು, ಕೆಂದು ಬಣ್ಣದ ಒಂದು ದನ, ಕಾರ್ನರಿನ ಮೂಲೆಯ ಹುಲ್ಲಿನ ಕಡೆ ನಿಧಾನವಾಗಿ ನಡೆದು ಬರುತ್ತಿತ್ತು. ನಿಜವಾದ ದನ! ಐನೂರು ಜನ ಚೆಂಡು ನೋಡುತ್ತಿದ್ದಾಗ ದನ ನೋಡಿದವನು ನಾನೊಬ್ಬನೇ. ಹೇಳಬೇಕೋ ಬೇಡವೋ? ಹೇಳಿದರೆ ಆಟ ಕೆಡಿಸಿದ ಎಂದು ತಂಡ ಹೊರಗೆ ಹೋದೀತು. ಕಚ್ಚಿದ ಟುವಾಲು ಬಿಡಲಿಲ್ಲ.

‘ದನ ಬಂತೋ ದನ!’

ಕೂಗು ಅದ್ಭುತವಾಗಿತ್ತು. ಗಾಬರಿಯೂ ಇತ್ತು, ಎಳೆತವೂ ಇತ್ತು. ಕೂಗಿದವನೇ ಮರುಕ್ಷಣ ದನವನ್ನು ಕಂಡು ಬಾಯಿ ಮುಚ್ಚುವುದನ್ನು ಮರೆತ. ಪಕ್ಕದಲ್ಲಿ ಸುಮಿತ್ರಾ, ‘ಅಯ್ಯೋ, ಖರೆ ದನ!’ ಎಂದು ಎದ್ದು ನಿಂತಳು. ಆಮೇಲೆ ಅವಳು ತಾನು ಕಾವಲುಗಾರ್ತಿ ಎಂಬುದನ್ನೇ ಮರೆತಳು. ‘ಕಾರ್ನರ್ ಒದ್ದ್ರು! ಗಣಪತಿ ಓಡ್ದ! ಅವನ ಹಿಂದೆ ಅವರ ಹುಡುಗ್ರೂ ಓಡ್ದ್ರು! ಹೇಯ್ ಹೇಯ್ ಅಂತ ದನ ಅಟ್ತಿದ್ರು! ವಿನಾಯಕ ತಿರುಗ್ಲೇ ಇಲ್ಲ, ಚೆಂಡು ಹಿಡ್ದ! ಒದ್ದ! ಆಚೆ ಬದಿ ಯಾರೂ ಇಲ್ಲ, ನಮ್ಮವರು ಇಬ್ರೇ...’ ಎನ್ನುತ್ತಿದ್ದ ಹಾಗೆ ಐನೂರು ಬಾಯಿಗಳು ನನ್ನ ಮುಖದ ಮೇಲೆ ಒಟ್ಟಿಗೆ ತೆರೆದುಕೊಂಡವು.

ಆಮೇಲೆ ತಿಳಿಯಿತು. ಎರಡು ವರ್ಷ ಮೋಸ ಹೋದ ವಿನಾಯಕ, ಈ ಸಲ ಆನೆ ಬಂದರೂ ತಿರುಗುವುದಿಲ್ಲ ಎಂದು ತಾನಾಗಿಯೇ ನಿರ್ಧರಿಸಿದ್ದ. ಮುಟ್ಟಳ್ಳಿಯವರಿಗೆ ಕೂಗು ಸುಳ್ಳೆಂದು ಗೊತ್ತಿತ್ತು, ಆದರೆ ದನ ಕಣ್ಣೆದುರಿಗಿತ್ತು. ಹುಟ್ಟಿದಾಗಿನಿಂದ ಗದ್ದೆ ಕಾದ ಕಾಲುಗಳು ಅವರನ್ನು ಕೇಳದೆಯೇ ಓಡಿಬಿಟ್ಟವು. ಗಣಪತಿ ಮಾಸ್ತರ ಬಳಿ ಹೋಗಿ, ದನ ಬಂದದ್ದರಿಂದ ಗೋಲು ರದ್ದು ಮಾಡಬೇಕೆಂದು ವಾದಿಸಿದ. ಮಾಸ್ತರು, ‘ದನ ಗೆರೆ ದಾಟಿಲ್ಲ. ದಾಟಿದ್ದು ನೀವು. ಮತ್ತೆ, ದನ ಬಂತು ಅಂತ ಕೂಗಿದ್ದೂ ನಿಮ್ಮವನೇ ಅಲ್ದಾ?’ ಎಂದು ಹೇಳಿ, ನನ್ನ ಕಡೆ ನೋಡಿ ನಕ್ಕರು. ನಾನು ಬಣವೆಯ ಹಿಂದೆ ಏನು ನೋಡಿದ್ದೆ ಎಂಬುದು ಅವರಿಗೆ ಆಗ ಅರ್ಥವಾಗಿರಬೇಕು. ಕಪ್ಪು ಕಾಸರಕೋಡಿಗೆ ಬಂತು. ಗಣಪತಿ ಬಂದು ನನ್ನ ಕೈ ಹಿಡಿದು, ‘ಬಾಯಿ ಬಿಡದೇ ಇದ್ರಲ ಭಾವ’ ಎಂದ. ‘ಪಾಪ’ ಎನ್ನಲಿಲ್ಲ.

ಮುಂದಿನ ವಾರ ಬಲೆ ನೇಯುವ ಶೆಡ್ಡಿನಲ್ಲಿ ಸಂಘದ ಸಭೆ ಸೇರಿತು. ಸನ್ಮಾನ ಇರಬಹುದೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ವಿನಾಯಕ ಎದ್ದು ನಿಂತು, ಅಧ್ಯಕ್ಷರು ನೋಡಿದ ಎರಡು ಫೈನಲ್ಲೂ ಸೋತೆವು, ನೋಡದ ಒಂದೇ ಫೈನಲ್ ಗೆದ್ದೆವು, ಆದ್ದರಿಂದ ಇನ್ನು ಮುಂದೆ ಎಲ್ಲ ಪಂದ್ಯಗಳಲ್ಲೂ ಅಧ್ಯಕ್ಷರು ಬೆನ್ನು ಹಾಕಿಯೇ ಕೂರಬೇಕು ಎಂದು ಠರಾವು ಮಂಡಿಸಿದ. ಕಡಲಿಗೆ ಹೊರಡುವಾಗ ಎದುರಿಗೆ ಯಾರು ಬಂದರು ಎಂದು ಶಕುನ ನೋಡುವ ಮಕ್ಕಳು, ಇಂಥದರಲ್ಲಿ ತಮಾಷೆ ಮಾಡುವವರಲ್ಲ. ‘ಶಿಕ್ಷೆ ಒಂದೇ ಪಂದ್ಯಕ್ಕೆ ಅಂತ ಮಾಸ್ತರು ಹೇಳಿದ್ದು’ ಎಂದು ನಾನು ಕೂಗಾಡಿದೆ. ‘ಅದು ಶಿಕ್ಷೆ ಅಧ್ಯಕ್ಷ್ರೆ. ಇದು ಗೌರವ’ ಎಂದ ವಿನಾಯಕ. ಎಲ್ಲರೂ ಕೈ ಎತ್ತಿದರು. ಸದಸ್ಯಳಲ್ಲದಿದ್ದರೂ ಸುಮಿತ್ರಾ ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿದಳು. ಈಗ ನನಗೆಂದೇ ಹೊಸ ಕುರ್ಚಿ ಮಾಡಿಸಿದ್ದಾರೆ. ಅದರ ಬೆನ್ನಿನ ಹಲಗೆಗೆ ಕೆಂಪು ಬಣ್ಣದಲ್ಲಿ, ದಪ್ಪ ಅಕ್ಷರಗಳಲ್ಲಿ ‘ಅಧ್ಯಕ್ಷರು’ ಎಂದು ಬರೆಸಿದ್ದಾರೆ. ಆಟ ನಡೆಯುವಾಗ ಮೈದಾನದ ನಡುವಿನಿಂದ ಅದು ಬಹಳ ಶೋಭೆಯಾಗಿ ಕಾಣುತ್ತದಂತೆ. ನಾನಂತೂ ನೋಡಿಲ್ಲ.